ಸರ್ವರ್ ರೂಮಿನವಳು

ಹೊಳೆಸಾಲು ಪುರಸಭೆಯ ಕಾಗದದ ಪ್ರಕಾರ ಚನ್ನಾಜಮ್ಮನ ಕೆಲಸ ನೆಲ ಒರೆಸುವುದು. ಕಕ್ಕಸು ತೊಳೆಯುವುದು. ಸಾಹೇಬರ ಮೇಜಿನ ಮೇಲಿನ ಕಾಫಿ ಲೋಟ ಎತ್ತುವುದು. ಏಜೆನ್ಸಿಯವರು ತಿಂಗಳು ತಿಂಗಳು ಕಳಿಸುವ ಪಟ್ಟಿಯಲ್ಲಿ ಅವಳ ಹೆಸರಿನ ಎದುರು ‘ಹೌಸ್‌ಕೀಪಿಂಗ್’ ಎಂದು ಬರೆದಿರುತ್ತಿತ್ತು.

ಅದೇ ಕಚೇರಿಯ ಹದಿನಾಲ್ಕು ಕಂಪ್ಯೂಟರುಗಳನ್ನು ಆರು ವರ್ಷ ನಡೆಸಿದವಳೂ ಅವಳೇ. ಪ್ರಿಂಟರು ಕಾಗದ ಕಚ್ಚಿಕೊಂಡರೆ ಚನ್ನಾ. ನೆಟ್ ಹೋದರೆ ಚನ್ನಾ. ಇಲಿ ಕೇಬಲ್ಲು ಕಡಿದರೆ ಚನ್ನಾ. ಆ ಇಲಿ ಸತ್ತು ನಾತ ಹೊಡೆದರೂ ಚನ್ನಾ. ಪೂರ್ತಿ ಹೆಸರು ಕರೆಯಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಮೂವತ್ತು ವರ್ಷದ ಹೆಣ್ಣು. ಊರಾಚೆಯ ಕೇರಿಯವಳು. ತಾಯಿ ಇಲ್ಲ. ಅಪ್ಪ ಮಾದಯ್ಯ ಅದೇ ಪುರಸಭೆಯಲ್ಲಿ ಪೌರಕಾರ್ಮಿಕ. ಇಪ್ಪತ್ತೆಂಟು ವರ್ಷ ಊರಿನ ಚರಂಡಿ ಬಾಚಿದವನು. ಆ ದುಡ್ಡಿನಲ್ಲಿ ಮಗಳು ಮೂರು ವರ್ಷ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಹೋಗಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದಿದಳು. ಫಸ್ಟ್ ಕ್ಲಾಸು. ಐದಾರು ವರ್ಷ ಅಲ್ಲಿ ಇಲ್ಲಿ ಜೆರಾಕ್ಸ್ ಅಂಗಡಿಗಳಲ್ಲಿ ದುಡಿದಳು. ಆಮೇಲೆ ಅಂಕಪಟ್ಟಿ ಹಿಡಿದು ಗಂಗಾಧರಸ್ವಾಮಿಯ ಹತ್ತಿರ ಹೋದಳು. ಗಂಗಾಧರಸ್ವಾಮಿಗೆ ಹುಲ್ಲಹಳ್ಳಿಯಲ್ಲಿ ಅಕ್ಕಿ ಗಿರಣಿ, ನಂಜನಗೂಡಿನಲ್ಲಿ ಹೊರಗುತ್ತಿಗೆ ಏಜೆನ್ಸಿ. ಸುತ್ತಲ ನಾಲ್ಕು ಊರುಗಳ ಕಚೇರಿಗಳಿಗೆ ಆಳು ಕೊಡುವವನು ಅವನೇ.

ಅಂಕಪಟ್ಟಿಯನ್ನು ಅವನು ಕೈಯಿಂದ ಮುಟ್ಟಲಿಲ್ಲ. “ಮೇಜಿನ ಮೇಲಿಡಮ್ಮ” ಅಂದ. ಬಗ್ಗಿ ನೋಡಿದ. “ಆಪರೇಟರ್ ಪೋಸ್ಟು ತುಂಬೋಗದೆ. ಸದ್ಯಕ್ಕೆ ಹೌಸ್‌ಕೀಪಿಂಗ್‌ಗೆ ಸೇರ್ಕೊ. ಮುಂದಿನ ಟೆಂಡರಲ್ಲಿ ನೋಡುವ.”

ಮುಂದಿನ ಟೆಂಡರು ಬಂತು. ಅದರಲ್ಲಿ ‘ಸಿಸ್ಟಂ ಸಪೋರ್ಟ್ ಎಂಜಿನಿಯರ್, ಒಂದು’ ಎಂಬ ಹೊಸ ಹುದ್ದೆಯೂ ಇತ್ತು. ತಿಂಗಳಿಗೆ ನಲವತ್ತೆರಡು ಸಾವಿರ. ಅದಕ್ಕೆ ಮೈಸೂರಿನ ಕಶ್ಯಪ್ ಎಂಬವನ ಹೆಸರು ಬಿತ್ತು. ಅವನು ಗಂಗಾಧರಸ್ವಾಮಿಯ ಪಾಲುದಾರನ ಮಗ. ತಿಂಗಳ ಮೊದಲ ಸೋಮವಾರ ಕಾರಿನಲ್ಲಿ ಬರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಇಡೀ ತಿಂಗಳ ಸಹಿ ಒಂದೇ ಉಸಿರಿಗೆ ಗೀಚುತ್ತಿದ್ದ. ಕಾಫಿ ಕುಡಿಯುತ್ತಿದ್ದ. ಹೋಗುತ್ತಿದ್ದ. ಅವನ ಲೋಟ ತೊಳೆದವಳು ಅವನ ಕೆಲಸವನ್ನೂ ಮಾಡುತ್ತಿದ್ದಳು. ಅವಳ ಕೈಗೆ ಬರುತ್ತಿದ್ದದ್ದು ಹನ್ನೊಂದು ಸಾವಿರ.

ಕಂಪ್ಯೂಟರಿನ ಕೆಲಸ ಅವಳ ಕೊರಳಿಗೆ ಬಿದ್ದದ್ದು ಸೇರಿದ ಎರಡನೇ ತಿಂಗಳು. ಕೌಂಟರಿನ ಮುಂದೆ ನಲವತ್ತು ಜನ. ಕಂಪ್ಯೂಟರು ಸತ್ತು ಬಿದ್ದಿತ್ತು. ಹಿರಿಯ ಗುಮಾಸ್ತೆ ರುದ್ರಮ್ಮ ಬೆವರುತ್ತಾ ಕೂತಿದ್ದರು. ಚನ್ನಾಜಮ್ಮ ಬಕೆಟ್ಟು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹತ್ತು ನಿಮಿಷದಲ್ಲಿ ಸರಿ ಮಾಡಿದಳು. ರುದ್ರಮ್ಮ “ಅಯ್ಯೋ ಪುಣ್ಯಾತ್ಗಿತ್ತಿ” ಅಂದರು. ಪುಣ್ಯಾತ್ಗಿತ್ತಿಗೆ ಮಾರನೆಯ ದಿನದಿಂದ ಎರಡು ಕೆಲಸ.

ಕಂಪ್ಯೂಟರಿನ ಕೆಲಸವೆಂದರೆ ತಣ್ಣಗೆ ಕೂತು ಬೆರಳಾಡಿಸುವುದು ಎಂದುಕೊಂಡವರು ಪುರಸಭೆಯ ಕಚೇರಿ ನೋಡಿಲ್ಲ. ಯುಪಿಎಸ್ ಬ್ಯಾಟರಿಗಳು ಕೆಳಗಿನ ಮಹಡಿಗೆ ಬಂದು ಇಳಿಯುತ್ತಿದ್ದವು. ಸರ್ವರ್ ರೂಮು ಮೇಲೆ. ಅಕ್ಕಿ ಮೂಟೆಯಂಥ ಬ್ಯಾಟರಿಯನ್ನು ಹೊಟ್ಟೆಗೆ ಆನಿಸಿಕೊಂಡು ಅವಳು ಇಪ್ಪತ್ತೆರಡು ಮೆಟ್ಟಿಲು ಹತ್ತುತ್ತಿದ್ದಳು. ಒಮ್ಮೆ ಆಸಿಡ್ಡು ಸೋರಿ ಸೀರೆಯ ಜತೆ ಹೊಟ್ಟೆಯ ಚರ್ಮವೂ ಸುಟ್ಟಿತು. ಸೂರಿನ ಸಂದಿಯಲ್ಲಿ ಮಲಗಿ ತೆವಳುತ್ತಾ ಕೇಬಲ್ಲು ಎಳೆದಳು. ಟೋನರಿನ ಕರಿ ಪುಡಿ ಮೂಗಿನೊಳಗೆ ಹೋಗಿ ಎರಡು ದಿನ ಕಪ್ಪು ಕಫ ಉಗಿದಳು. ಅದೆಲ್ಲ ಮುಗಿದ ಮೇಲೆ ಮೇಲಿನ ಮಹಡಿಯ ಕಕ್ಕಸು. ಅದನ್ನು ಯಾರೂ ಮಾಫಿ ಮಾಡಲಿಲ್ಲ.

ಮುಖ್ಯಾಧಿಕಾರಿ ಬಸವಪ್ರಸಾದ್ ವರ್ಗವಾಗಿ ಬಂದ ಹೊಸತು. ಯಾರೋ ಮೈಸೂರಿನಿಂದ ಬಂದಿದ್ದರು. ಚನ್ನಾಜಮ್ಮ ಸರ್ವರಿನ ಮುಂದೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಳು. ಬಸವಪ್ರಸಾದ್ ಬಾಗಿಲಲ್ಲೇ ನಿಂತು, “ಎದ್ದೇಳಮ್ಮ. ಹೊರಗಿನವರು ನೋಡಿದ್ರೆ ಏನಂದ್ಕೋತಾರೆ?” ಅಂದರು. ಅವಳು ಎದ್ದಳು. ಆಮೇಲೆ ಆ ರೂಮಿನಲ್ಲಿ ಅವಳು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತೇ ಕೆಲಸ ಮಾಡಿದಳು. ಯಾರೂ ಕುರ್ಚಿಯ ಮಾತೆತ್ತಲಿಲ್ಲ. ಆಯುಧಪೂಜೆಯ ದಿನ ಅವಳು ಒರೆಸಿಟ್ಟ ಯಂತ್ರಗಳಿಗೆ ಕಶ್ಯಪ್ ಕುಂಕುಮ ಹಚ್ಚಿದ. ಅವಳಿಗೆ, “ನೀನು ಆಚೆ ನಿಂತ್ಕೊ, ಪ್ರಸಾದ ಅಲ್ಲಿಗೇ ಕಳ್ಸ್ತೀವಿ” ಅಂದರು. ಅವಳು ಪ್ರಸಾದ ತಿನ್ನಲಿಲ್ಲ. ಅವಳು ತಿನ್ನಲಿಲ್ಲ ಎಂಬುದನ್ನು ಯಾರೂ ಗಮನಿಸಲೂ ಇಲ್ಲ.

ಇಷ್ಟೆಲ್ಲದರ ನಡುವೆ ಅವಳು ಒಂದು ಪುಸ್ತಕ ಇಟ್ಟಿದ್ದಳು. ದಪ್ಪ ರಟ್ಟಿನ ಉದ್ದ ಪುಸ್ತಕ. ಯಾವ ದಿನ ಯಾವ ಯಂತ್ರ ಕೆಟ್ಟಿತು, ಏನು ಮಾಡಿದೆ, ಯಾವ ಪಾಸ್‌ವರ್ಡು ಬದಲಾಯಿಸಿದೆ, ಯಾವ ಶನಿವಾರ ಬ್ಯಾಕಪ್ ತೆಗೆದೆ, ಎಲ್ಲ ಬರೆದು ಕೆಳಗೆ ಸಹಿ. ಬ್ಯಾಕಪ್ ಇಡಲು ಬೇರೆ ಡಿಸ್ಕ್ ಕೊಡಿಸಿ ಎಂದು ಎರಡು ಸಲ ಕೇಳಿದ್ದಳು. ಕೊಡಿಸಲಿಲ್ಲ. ಗುಜರಿಗೆ ಎಸೆದ ಮೂರು ಕಂಪ್ಯೂಟರುಗಳ ಭಾಗ ಕಿತ್ತು ಒಂದು ಯಂತ್ರ ಜೋಡಿಸಿ, ಸ್ಟೋರ್ ರೂಮಿನ ಮೂಲೆಯಲ್ಲಿಟ್ಟು, ಅದರಲ್ಲಿ ನಕಲು ತೆಗೆದಿಡುತ್ತಿದ್ದಳು. ಅದೂ ಪುಸ್ತಕದಲ್ಲಿತ್ತು.

ಯುಪಿಎಸ್ ಹಾಳಾಗಿದೆ, ಸಿಡಿಲಿನ ಕಾಲದಲ್ಲಿ ಅಪಾಯ ಎಂದು ಮಾರ್ಚಿನಲ್ಲಿ ಅವಳು ಒಂದು ಪತ್ರ ಬರೆದುಕೊಟ್ಟಳು. ಬಸವಪ್ರಸಾದ್ ಓದದೆ ವಾಪಸ್ ಕೊಟ್ಟರು. “ಹೌಸ್‌ಕೀಪಿಂಗ್‌ನವರು ಪತ್ರ ಕೊಡೋ ಹಾಗಿಲ್ಲ. ಎಂಜಿನಿಯರ್ ಕೊಡ್ಲಿ.”

ಎಂಜಿನಿಯರ್ ಕೊಡಲಿಲ್ಲ.

ಮೇ ತಿಂಗಳ ಕೊನೆಯ ವಾರ, ಮಧ್ಯಾಹ್ನ ಮೂರು ಗಂಟೆಗೆ ಸಿಡಿಲು ಹೊಡೆಯಿತು. ಚನ್ನಾಜಮ್ಮ ಕೆಳಗೆ ಕಕ್ಕಸು ತೊಳೆಯುತ್ತಿದ್ದಳು. ಮೇಲಿಂದ ಪಟಾಕಿಯಂಥ ಸದ್ದು ಬಂತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಮೇಲಿದ್ದವರೆಲ್ಲ ಕೆಳಕ್ಕೆ ಓಡಿದರು. ಅವಳೊಬ್ಬಳು ಮೇಲಕ್ಕೆ ಓಡಿದಳು. ಹೊಗೆಯೊಳಗೆ ನುಗ್ಗಿ ಮೈನ್ ಸ್ವಿಚ್ ಇಳಿಸಿದಳು. ಉರಿಯುತ್ತಿದ್ದ ಬ್ಯಾಟರಿಯ ವೈರನ್ನು ಬರಿಗೈಯಲ್ಲಿ ಕಿತ್ತಳು. ಬಲ ಅಂಗೈ ಬೊಬ್ಬೆ ಎದ್ದಿತು. ಕಟ್ಟಡ ಉಳಿಯಿತು. ಸರ್ವರು ಸುಟ್ಟಿತು.

ಆ ಸರ್ವರಿನಲ್ಲಿ ನೀರಿನ ಬಿಲ್ಲುಗಳಿದ್ದವು. ಹಳೆಯ ಖಾತೆ ಪುಸ್ತಕಗಳ ಸ್ಕ್ಯಾನು ಇತ್ತು. ಅರವತ್ತೆರಡು ಪೌರಕಾರ್ಮಿಕರ ಹಾಜರಿ ಇತ್ತು. ಆ ಹಾಜರಿ ಐದನೇ ತಾರೀಖಿನೊಳಗೆ ಮೇಲಿನ ಕಚೇರಿಗೆ ಹೋಗದಿದ್ದರೆ ಆ ತಿಂಗಳು ಅವರಿಗೆ ಸಂಬಳವಿಲ್ಲ.

ಜಿಲ್ಲೆಯಿಂದ ಕಾರಣ ಕೇಳಿ ಕಾಗದ ಬಂತು. ಎಂಜಿನಿಯರ್ ಎಲ್ಲಿದ್ದ? ಯುಪಿಎಸ್ ಯಾಕೆ ಬದಲಾಯಿಸಲಿಲ್ಲ? ಬಸವಪ್ರಸಾದ್ ಫೋನು ಎತ್ತಿದರು. ಗಂಗಾಧರಸ್ವಾಮಿ ಕಾರು ಹತ್ತಿದ.

ಶುಕ್ರವಾರ ಬೆಳಿಗ್ಗೆ ಚನ್ನಾಜಮ್ಮನನ್ನು ಮುಖ್ಯಾಧಿಕಾರಿಯ ಕೋಣೆಗೆ ಕರೆದರು. ಬಸವಪ್ರಸಾದ್, ಗಂಗಾಧರಸ್ವಾಮಿ, ರುದ್ರಮ್ಮ ಇದ್ದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಕಾಗದ. ರುದ್ರಮ್ಮ ಅವಳ ಮುಖ ನೋಡದೆ ಶಾಯಿ ಪ್ಯಾಡನ್ನು ಅವಳ ಕಡೆಗೆ ತಳ್ಳಿದರು.

“ಹೆಬ್ಬೆಟ್ಟು ಒತ್ತು” ಅಂದ ಗಂಗಾಧರಸ್ವಾಮಿ.

ಚನ್ನಾಜಮ್ಮ ಪ್ಯಾಡು ನೋಡಿದಳು. ಕಾಗದ ನೋಡಿದಳು.

“ನನಗೆ ಓದಾಕೆ ಬರ್ತದೆ ಸಾ.”

“ಓದೋದೇನಿಲ್ಲಮ್ಮ ಅದ್ರಲ್ಲಿ. ಮಾಮೂಲಿ ಕಾಗ್ದ.”

ಅವಳು ಎತ್ತಿಕೊಂಡು ಗಟ್ಟಿಯಾಗಿ ಓದಿದಳು. “ನಾನು ಸರ್ವರ್ ಕೊಠಡಿಯಲ್ಲಿ ನೆಲ ಒರೆಸುವಾಗ ಅಜಾಗರೂಕತೆಯಿಂದ ಬಕೆಟ್ಟಿನ ನೀರು ಚೆಲ್ಲಿ ಯಂತ್ರಗಳಿಗೆ ಹಾನಿಯಾಗಿರುತ್ತದೆ. ಓದು ಬರಹ ಬಾರದ ಕಾರಣ ನನಗೆ ಅದರ ಅರಿವು ಇರುವುದಿಲ್ಲ. ಕ್ಷಮಿಸಬೇಕಾಗಿ ಕೋರುತ್ತೇನೆ.”

ಓದಿ ಮುಗಿಸಿ ಅವಳು ಕಾಗದವನ್ನು ಅವರ ಕಡೆಗೆ ತಿರುಗಿಸಿ ಹಿಡಿದಳು.

“ಯಾರಿಗೆ ಓದು ಬರಹ ಬರಾಕಿಲ್ಲ ಸಾ?”

“ಅದೊಂದು ಫಾರ್ಮಾಲಿಟಿ ಕಣಮ್ಮ” ಅಂದರು ಬಸವಪ್ರಸಾದ್. “ನಿನಗೇನೂ ಆಗಲ್ಲ. ಓದು ಬರದೋಳು ಗೊತ್ತಿಲ್ದೆ ಮಾಡಿದಳು ಅಂದ್ರೆ ಫೈಲ್ ಮುಚ್ಚಿಹೋಗುತ್ತೆ.”

“ನಾನು ಆಗ ಕೆಳಗಡೆ ನಿಮ್ಮ ಕಕ್ಕಸು ತೊಳೀತಿದ್ದೆ. ಸಿಡಿಲು ಹೊಡೀತು. ಯುಪಿಎಸ್ ಕೆಟ್ಟದೆ ಅಂತ ಮಾರ್ಚಲ್ಲೇ ಪತ್ರ ತಂದಿದ್ದೆ. ನೀವು ತಗೊಳ್ಳಿಲ್ಲ.”

“ಯಾವ ಪತ್ರ?”

“ಸರ್ವರ್ ರೂಮಲ್ಲಿ ನನ್ನ ಪುಸ್ತಕ ಅದೆ. ಅದ್ರಲ್ಲಿ ಆ ತಾರೀಕೂ ಅದೆ, ಎಲ್ಲಾ ಅದೆ. ಬ್ಯಾಕಪ್ ಎಲ್ಲದೆ ಅಂತಾನೂ ಅದೆ. ತೆಗ್ದು ನೋಡಿ ಸಾ.”

ಗಂಗಾಧರಸ್ವಾಮಿ ಬಸವಪ್ರಸಾದರ ಮುಖ ನೋಡಿದ. ಬಸವಪ್ರಸಾದ್ ಬೀಗ ಹಾಕಿದ ಬೀರು ನೋಡಿದರು. ಪುಸ್ತಕ ಆಗಲೇ ಅದರೊಳಗಿತ್ತು. ಪ್ರತಿ ಪುಟದಲ್ಲೂ ಅವಳ ಅಕ್ಷರ, ಅವಳ ಸಹಿ. ಆ ಪುಸ್ತಕ ಹೊರಗೆ ಬಂದರೆ ಕಶ್ಯಪ್ ಎಂಬ ಎಂಜಿನಿಯರೇ ಇಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು.

“ಅಂಥ ಯಾವ ಪುಸ್ತಕವೂ ಇಲ್ಲ” ಅಂದರು ಬಸವಪ್ರಸಾದ್. “ನಿನ್ನ ಕೆಲಸ ಏನು ಅಂತ ಗೊತ್ತಾ? ಗುಡಿಸೋದು.”

ಚನ್ನಾಜಮ್ಮ ಕಾಗದವನ್ನು ಮೇಜಿನ ಮೇಲಿಟ್ಟಳು. ಶಾಯಿ ಪ್ಯಾಡಿನ ಮುಚ್ಚಳ ಮುಚ್ಚಿದಳು.

“ಸರಿ ಸಾ. ಗುಡಿಸ್ತೀನಿ.”

ಗುಡಿಸಿದಳು. ಒರೆಸಿದಳು. ಮೂರು ದಿನ ಅದನ್ನೇ ಮಾಡಿದಳು. ಕೌಂಟರಿನಲ್ಲಿ ಪ್ರಿಂಟರು ಕಚ್ಚಿಕೊಂಡಿತು. “ಚನ್ನಾ” ಅಂದರು ರುದ್ರಮ್ಮ. ಚನ್ನಾಜಮ್ಮ ಪ್ರಿಂಟರಿನ ಕೆಳಗಿನ ಧೂಳು ತೆಗೆದಳು. “ಮೇಡಂ, ನನಗೆ ಇಷ್ಟೇ ಬರೋದು. ನಾನು ಓದು ಬರದೋಳು” ಅಂದಳು. ಮರಣ ಪ್ರಮಾಣಪತ್ರಕ್ಕೆ ಬಂದ ಒಬ್ಬ ಮುದುಕ ನಾಲ್ಕು ಗಂಟೆ ಕಾದು ವಾಪಸ್ ಹೋದ. ಅವನ ಬೆನ್ನು ನೋಡುವಾಗ ಅವಳ ಕೈ ಪ್ರಿಂಟರಿನ ಕಡೆಗೆ ತಾನಾಗಿ ಹೋಯಿತು. ತಡೆದಳು. ಪೊರಕೆಯ ಹಿಡಿಯನ್ನು ಬೊಬ್ಬೆಯ ಕೈಯಲ್ಲೇ ಬಿಗಿಯಾಗಿ ಹಿಡಿದಳು. ಉರಿಯಿತು. ಉರಿಯಲಿ ಎಂದುಕೊಂಡಳು.

ಸೋಮವಾರ ಕಶ್ಯಪ್ ಬಂದ. ಈ ಸಲ ಕಾಫಿ ಕುಡಿದು ಹೋಗುವ ಹಾಗಿರಲಿಲ್ಲ. ಸುಟ್ಟ ಸರ್ವರಿನ ಮುಂದೆ ಎರಡು ಗಂಟೆ ಕೂತ. ಫೋಟೊ ತೆಗೆದ. ಯಾರಿಗೋ ಕಳಿಸಿದ. ಆಮೇಲೆ ಮೆಲ್ಲಗೆ ಅವಳ ಹತ್ತಿರ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಬಹುವಚನ.

“ಬ್ಯಾಕಪ್ ಎಲ್ಲಿದೆ ಹೇಳಿ ಮೇಡಂ?”

“ಪುಸ್ತಕದಲ್ಲದೆ.”

“ಯಾವ ಪುಸ್ತಕ? ಸರ್ ಇಲ್ಲ ಅಂತಾರೆ.”

“ಅವರು ಇಲ್ಲ ಅಂದ್ಮೇಲೆ ಇಲ್ಲ.”

ಅವನು ಹೋಗಿ ಸಾಹೇಬರನ್ನು ಕೇಳಿದ. ಒಮ್ಮೆ ಇಲ್ಲ ಅಂದ ಪುಸ್ತಕವನ್ನು ಹೊರಗೆ ತೆಗೆಯಲಾಗದೆ ಸಾಹೇಬರು ಅವನಿಗೂ ಇಲ್ಲ ಅಂದರು. ಊರನ್ನು ಉಳಿಸುವ ಪುಸ್ತಕ ಅವರ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿತ್ತು.

ಮಂಗಳವಾರ ಬಸವಪ್ರಸಾದ್ ಪೌರಕಾರ್ಮಿಕರನ್ನು ಕರೆದು ಹೇಳಿದರು. “ನಿಮ್ಮ ಕೇರಿಯವಳೇ ನೀರು ಚೆಲ್ಲಿ ಮೆಷಿನ್ ಹಾಳು ಮಾಡಿದ್ದಾಳೆ. ಒಪ್ಪಿಕೊಂಡು ಹೆಬ್ಬೆಟ್ಟು ಒತ್ತಿದ್ರೆ ಜಿಲ್ಲೆಯಿಂದ ಹೊಸದು ಬರುತ್ತೆ. ಹಾಜರಿ ಹೋಗುತ್ತೆ. ಇಲ್ದಿದ್ರೆ ಈ ತಿಂಗಳು ಸಂಬಳ ನನ್ನ ಕೈಲಿಲ್ಲ.”

ಅವರೆಲ್ಲ ಬೆಳಗಿನ ಪಾಳಿ ಮುಗಿಸಿ ಬಂದವರು. ಕಾಲಿನ ಕೆಸರು ಒಣಗಿರಲಿಲ್ಲ. ನೇರ ಕಚೇರಿಯ ಅಂಗಳಕ್ಕೆ ಬಂದು ಚನ್ನಾಜಮ್ಮನನ್ನು ಸುತ್ತುವರಿದರು. ಎಲ್ಲರ ಮುಂದೆ ಪುಟ್ಟಸಿದ್ದಮ್ಮ. ಐವತ್ತರ ಹೆಂಗಸು, ಗೋಡೆಗೆ ಗೋಡೆ ತಾಗಿದ ಪಕ್ಕದ ಹಟ್ಟಿಯವಳು. ಅವಳ ಗಂಡ ಶಿವಣ್ಣ ಹದಿಮೂರು ವರ್ಷದ ಹಿಂದೆ ಒಳಚರಂಡಿಯ ಗುಂಡಿಯಲ್ಲಿ ಸತ್ತಿದ್ದ. ಕುಡಿದು ಬಿದ್ದ ಎಂದು ಬರೆದುಕೊಂಡು ಪುರಸಭೆ ಕೈ ತೊಳೆದುಕೊಂಡಿತ್ತು. ಪರಿಹಾರ ಬರಲಿಲ್ಲ. ಅವನ ಪೊರಕೆಯನ್ನು ಅವಳ ಕೈಗೆ ಕೊಟ್ಟರು, ಅಷ್ಟೇ.

“ಒತ್ಬುಡು ಮಗಾ” ಅಂದಳು ಪುಟ್ಟಸಿದ್ದಮ್ಮ. “ಅರವತ್ತೆರಡು ಒಲೆ ಕಣವ್ವ.”

“ಅತ್ತೆ, ನಾನು ನೀರು ಚೆಲ್ನಿಲ್ಲ.”

“ಚೆಲ್ನಿಲ್ಲ, ಗೊತ್ತು. ಯಾರಿಗ್ ಗೊತ್ತಿಲ್ಲ? ಆದ್ರೂ ಒತ್ಬುಡು. ಒಂದು ಎಬ್ಬೆಟ್ಟಿಗೆ ನಿನ್ನ ಗಂಟೇನೋದದು?”

“ನೀ ಓದ್ದೋಳು, ನಿನಗೆಲ್ಲಾದ್ರೂ ಕೆಲ್ಸ ಸಿಕ್ತದೆ” ಅಂದ ಹಿಂದಿನಿಂದ ರುದ್ರೇಶ. ಅವನು ಕಸದ ಟಿಪ್ಪರ್ ಓಡಿಸುವವನು. “ನಮ್ಗೆಲ್ಲಿ ಸಿಕ್ತದೆ? ನನ್ನ ಮಗೀನ ಫೀಜು ಕಟ್ಟಬೇಕು.”

ಸಾಹೇಬರ ಮುಂದೆ ಬಂದ ಮಾತು ಚನ್ನಾಜಮ್ಮನಿಗೆ ಇವರ ಮುಂದೆ ಬರಲಿಲ್ಲ. ಇವರ ಕೆಸರುಗಾಲು, ಇವರ ಕೈಯ ಕುರು, ಇವರ ಹಟ್ಟಿಯಲ್ಲಿ ಉಂಡ ಅನ್ನ. ಇನ್ನೊಂದು ಕ್ಷಣ ಹಾಗೆ ಬಿಟ್ಟಿದ್ದರೆ ಅವಳು ಮೆಟ್ಟಿಲು ಹತ್ತಿ ಹೋಗಿ ಒತ್ತಿಬಿಡುತ್ತಿದ್ದಳು. ಅದನ್ನು ಅವಳೇ ಆಮೇಲೆ ಹೇಳಿದಳು.

“ಅವಳು ಒತ್ತಾಕಿಲ್ಲ.”

ಮಾದಯ್ಯ. ಗೋಡೆಯ ಪಕ್ಕ ಇಷ್ಟು ಹೊತ್ತು ಸುಮ್ಮನೆ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು ನಿಂತಿದ್ದ. ಹುಟ್ಟಿದಾಗಿನಿಂದ ಯಾರಿಗೂ ಎದುರು ಮಾತಾಡಿದವನಲ್ಲ.

“ನಿನ್ನ ಮಗಳು ಅಂತ ಮಾತಾಡ್ತಿದ್ದೀಯಾ ಮಾದಣ್ಣ” ಅಂದಳು ಪುಟ್ಟಸಿದ್ದಮ್ಮ.

“ಅಲ್ಲ ಕಣೆ ಪುಟ್ಸಿದ್ದಿ. ನಾನು ಒತ್ತಿದ್ದೀನಿ ಅಂತ ಮಾತಾಡ್ತಿದ್ದೀನಿ.”

“ಏನ ಒತ್ತಿದ್ದೆ?”

ಮಾದಯ್ಯ ಅವಳ ಮುಖ ನೋಡಲಿಲ್ಲ. ತನ್ನ ಎಡಗೈ ಹೆಬ್ಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ.

“ನಿನ್ನ ಗಂಡ ಕುಡ್ದಿರ್ನಿಲ್ಲ.”

ಪುಟ್ಟಸಿದ್ದಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

“ಶಿವಣ್ಣ ಆವತ್ತು ಒಂದು ತೊಟ್ಟೂ ಕುಡ್ದಿರ್ನಿಲ್ಲ. ನಾನು ಜೊತೇಲೇ ಇದ್ದೆ. ಒಳಗೆ ನಾತ ಜಾಸ್ತಿ ಅದೆ ಕಣಣ್ಣ, ಉಸ್ರು ಕಟ್ತದೆ ಅಂದ. ಎಲ್ಡು ಸಲ ಮ್ಯಾಲಕ್ಕೆ ಬಂದ. ಇಳೀಲಾ, ಸಾಯಂಕಾಲ್ದೊಳಗೆ ಆಗ್ಬೇಕು ಅಂದ್ರು. ಮೂರ್ನೇ ಸಲ ಇಳ್ದ. ಬರ್ನಿಲ್ಲ. ಎಣ ಎಳ್ದೋನು ನಾನೇ. ಮಾರ್ನೆ ದಿವ್ಸ ಇದೇ ಕಚೇರೀಲಿ ಒಂದು ಕಾಗ್ದ ಮಡಗಿದ್ರು. ಕುಡ್ದಿದ್ದ, ಬ್ಯಾಡ ಅಂದ್ರೂ ಇಳ್ದ, ನಾನು ಕಣ್ಣಾರೆ ಕಂಡೆ ಅಂತ. ಒತ್ತು, ಇಲ್ಲಾ ನಾಳೆಯಿಂದ ಬರ್ಬ್ಯಾಡ ಅಂದ್ರು. ಆಗ ಇವಳು ಬಸ್ಸಲ್ಲಿ ಓದಾಕೆ ಓಗ್ತಿದ್ಲು. ಫೀಜು ಕಟ್ಟೋ ವಾರ.” ಅವನು ನಿಲ್ಲಿಸಿದ. “ಒತ್ತಿದೆ.”

ಚನ್ನಾಜಮ್ಮ ಅಪ್ಪನನ್ನು ನೋಡಿದಳು. ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆ ಫಸ್ಟ್ ಕ್ಲಾಸ್ ಅಂಕಪಟ್ಟಿ ಯಾವ ಬೆಲೆಗೆ ಬಂದದ್ದು ಎಂದು ಅವಳಿಗೆ ಆ ಬಿಸಿಲಿನಲ್ಲಿ ನಿಂತು ಗೊತ್ತಾಯಿತು. ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

ಪುಟ್ಟಸಿದ್ದಮ್ಮ ಮಾದಯ್ಯನ ಹತ್ತಿರ ನಡೆದಳು. ಮುಖಕ್ಕೆ ಮುಖ ತಂದು ನಿಂತಳು.

“ಅದಿಮೂರು ವರ್ಸ” ಅಂದಳು. “ಅದಿಮೂರು ವರ್ಸ ನಾನು ಅವುನ್ನ ಬಯ್ಕೊಂಡು ಬದುಕ್ದೆ ಕಣ್ಲಾ. ಕುಡುಕ ನನ್ನ ಮಗ, ಕುಡ್ದು ಕುಡ್ದು ನನ್ನ ಬೀದೀಗಾಕ್ದ ಅಂತ. ಅವುನ್ಗೆ ಎಡೆ ಮಡಗ್ನಿಲ್ಲ ನಾನು. ನನ್ನ ಮಕ್ಳಿಗೂ ಅಂಗೇ ಯೋಳ್ಕೊಟ್ಟೆ, ನಿಮ್ಮಪ್ಪ ಕುಡುಕ ಅಂತ. ನೀನು ಪಕ್ಕದ ಅಟ್ಟೀಲಿ ಕುಂತು ಕೇಳುಸ್ಕೊಂಡು ಸುಮ್ಕಿದ್ದೆ.”

ಅವಳು ಮಾದಯ್ಯನ ಕೆನ್ನೆಗೆ ಹೊಡೆದಳು. ಅವನು ಕೈ ಅಡ್ಡ ತರಲಿಲ್ಲ. ಇನ್ನೊಂದು ಹೊಡೆದಳು. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು.

ಗಲಾಟೆ ಕೇಳಿ ಬಸವಪ್ರಸಾದ್ ಬಾಗಿಲಿಗೆ ಬಂದರು. “ಏನಿದು? ಅವಳು ಒಪ್ಪಿದಳಾ ಇಲ್ವಾ?”

ಪುಟ್ಟಸಿದ್ದಮ್ಮ ತಿರುಗಿದಳು. ಎತ್ತಿದ ಕೈ ಇನ್ನೂ ಇಳಿದ ಹಾಗಿರಲಿಲ್ಲ.

“ಒಪ್ಪಾಕಿಲ್ಲ ಸಾ.”

“ನೀನ್ಯಾರು ಹೇಳೋಕೆ?”

“ಶಿವಣ್ಣನ ಎಂಡ್ತಿ.”

ಅವಳು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಯಾರೂ ಏನೂ ಹೇಳಿಕೊಡಲಿಲ್ಲ. ಘೋಷಣೆ ಕೂಗಲಿಲ್ಲ. ರುದ್ರೇಶ ಟಿಪ್ಪರಿನ ಕೀ ತೆಗೆದು ಬಾಗಿಲಿನ ಮುಂದೆ ಎಸೆದ. ಅವನೂ ಕೂತ. ಒಬ್ಬೊಬ್ಬರೇ ಕೂತರು. ಹೊರಗೆ ಹೋಗಬೇಕಾದ ಸಾಹೇಬರು ಸಂಜೆಯವರೆಗೆ ಒಳಗೇ ಉಳಿದರು.

ಮರುದಿನ ಊರಿನ ಕಸ ಏಳಲಿಲ್ಲ. ಅದು ಮದುವೆಯ ಕಾಲ. ಎರಡು ಕಲ್ಯಾಣಮಂಟಪಗಳ ಹಿಂದೆ ಎಂಜಲೆಲೆ ರಾಶಿ ಬಿತ್ತು. ಎರಡನೇ ದಿನ ಹಂದಿ, ನಾಯಿ. ಮೂರನೇ ದಿನ ಪೇಟೆಯವರೇ ಮೂಗು ಮುಚ್ಚಿಕೊಂಡು ಪುರಸಭೆಗೆ ಬಂದರು. ಅಧ್ಯಕ್ಷರು ಬಂದು ಕೂಗಾಡಿದರು. ಅವರು ಕೂಗಿದ್ದು ನ್ಯಾಯಕ್ಕಲ್ಲ, ನಾತಕ್ಕೆ. ಏನಾದರಾಗಲಿ, ಬಸವಪ್ರಸಾದ್ ಚನ್ನಾಜಮ್ಮನನ್ನು ಒಳಗೆ ಕರೆದರು. ಅವತ್ತು ಐದನೇ ತಾರೀಖು, ಬೆಳಿಗ್ಗೆ ಹತ್ತೂವರೆ.

“ನಿನಗೇನು ಬೇಕು?”

“ನನ್ನ ಪುಸ್ತಕ.”

ಬಸವಪ್ರಸಾದ್ ಎದ್ದು ಬೀರು ತೆಗೆದರು. ಪುಸ್ತಕ ಮೇಜಿನ ಮೇಲೆ ಬಿತ್ತು. ಕಶ್ಯಪ್ ಪುಟ ತಿರುವಿದ. ಸ್ಟೋರ್ ರೂಮು, ಮೂಲೆಯ ಹಳೆ ಯಂತ್ರ ಎಂದು ಪ್ರತಿ ಶನಿವಾರದ ಕೆಳಗೆ ಬರೆದಿತ್ತು. ಅವನು ಓಡಿಹೋದ. ಅರ್ಧ ಗಂಟೆಗೆ ಬೆವರುತ್ತಾ ವಾಪಸ್ ಬಂದ. “ಸರ್, ಅದು ಬೇರೆ ಥರಾ ಇದೆ. ಬರೀ ಕಪ್ಪು ಸ್ಕ್ರೀನು. ನನಗೆ ಬರಲ್ಲ.”

“ಕೂತು ಮಾಡಮ್ಮ” ಅಂದರು ಬಸವಪ್ರಸಾದ್. ದನಿ ಇಳಿದಿತ್ತು.

“ಮಾಡ್ತೀನಿ. ಮೊದ್ಲು ಪುಸ್ತಕದ ಕೊನೇ ಹಾಳೇಲಿ ಬರೀರಿ. ಇದ್ರಲ್ಲಿರೋ ಕೆಲ್ಸ ಎಲ್ಲಾ ಮಾದಯ್ಯನ ಮಗಳು ಚನ್ನಾಜಮ್ಮ ಮಾಡಿದ್ದು ಅಂತ. ಪ್ರತಿ ಪುಟಕ್ಕೂ ಸೀಲು, ಸಹಿ. ಜೆರಾಕ್ಸ್ ನನಗೆ.”

“ಇನ್ನೂರು ಪುಟ ಇದೆ!”

“ಇನ್ನೂರಾ ಹನ್ನೊಂದು.”

“ಹಾಜರಿಗೆ ಟೈಮಿಲ್ಲ ಕಣಮ್ಮ.”

“ಹಾಗಾದ್ರೆ ಬೇಗ ಹಾಕಿ.”

ಹಾಕಿದರು. ಸೀಲು ಶಾಯಿಗೆ, ಸೀಲು ಹಾಳೆಗೆ, ಸಹಿ. ಐವತ್ತು ಪುಟಕ್ಕೆ ಮಣಿಕಟ್ಟು ತಿರುವಿಕೊಂಡರು. ನೂರಕ್ಕೆ ನೀರು ಕುಡಿದರು. ಚನ್ನಾಜಮ್ಮ ಎದುರಿಗೇ ನಿಂತು ಪುಟ ತಿರುವಿದಳು, ಒಂದೂ ಬಿಡಲಿಲ್ಲ. ಹನ್ನೆರಡೂವರೆಗೆ ಮುಗಿಯಿತು. ಅವಳು ಸ್ಟೋರ್ ರೂಮಿಗೆ ಹೋದಳು. ಮೊದಲು ಅರವತ್ತೆರಡು ಜನರ ಹಾಜರಿ ಎತ್ತಿದಳು. ನಾಲ್ಕು ಗಂಟೆಗೆ ಅದು ಮೇಲಕ್ಕೆ ಹೋಯಿತು. ಆಮೇಲೆ ಆ ಮುದುಕನನ್ನು ಕರೆಸಿ ಮರಣಪತ್ರ ತೆಗೆದುಕೊಟ್ಟಳು. ಉಳಿದದ್ದಕ್ಕೆ ಎರಡು ದಿನ ಹಿಡಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಗೆದ್ದಳು ಎಂದು ಹೇಳಬಹುದು. ಆ ತಿಂಗಳ ಮೂವತ್ತನೇ ತಾರೀಖು ಗಂಗಾಧರಸ್ವಾಮಿಯ ಫೋನು ಬಂತು. “ನಾಳೆಯಿಂದ ಬರ್ಬೇಡಮ್ಮ. ಹೌಸ್‌ಕೀಪಿಂಗ್‌ಗೆ ಬೇರೆಯವರನ್ನ ಹಾಕಿದ್ದೀವಿ.” ಜಿಲ್ಲೆಗೆ ಹೋದ ವರದಿಯಲ್ಲಿ ಸಿಡಿಲು ಎಂದಷ್ಟೇ ಬರೆದರು. ಯಾರದೂ ತಪ್ಪಿಲ್ಲ. ಕಶ್ಯಪನ ಹೆಸರು ಪಟ್ಟಿಯಲ್ಲಿ ಈಗಲೂ ಇದೆ. ಚನ್ನಾಜಮ್ಮ ಸೀಲು ಬಿದ್ದ ಇನ್ನೂರಾ ಹನ್ನೊಂದು ಹಾಳೆ ಚೀಲದಲ್ಲಿ ಹಾಕಿಕೊಂಡು ಮೈಸೂರಿನ ಕಾರ್ಮಿಕ ಇಲಾಖೆಗೆ ಹೋದಳು. ಕೇಸು ಹಾಕಿದಳು. ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ಅವಳು ಹೋಗುತ್ತಲೇ ಇದ್ದಾಳೆ. ಹೊಟ್ಟೆಪಾಡಿಗೆ ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಅಪ್ಪನ ಜೊತೆ ಅವಳು ಮಾತಾಡುತ್ತಾಳೆ, ಮೊದಲಿನಷ್ಟಿಲ್ಲ. ಮುದ್ದೆ ಇಕ್ಕುತ್ತಾಳೆ. ಅವನು ತಲೆ ತಗ್ಗಿಸಿ ಉಣ್ಣುತ್ತಾನೆ. ಪುಟ್ಟಸಿದ್ದಮ್ಮ ಅವರ ಹಟ್ಟಿಯ ಮುಂದೆ ಹಾಯುವಾಗ ಮುಖ ತಿರುವಿಕೊಂಡು ಹಾಯುತ್ತಿದ್ದಳು.

ಆಗಸ್ಟಿನ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಬಸ್ಸು ನಿಂತಿತು. ಪುಟ್ಟಸಿದ್ದಮ್ಮ ಇಳಿದಳು. ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಮಾದಯ್ಯ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು, ಬೇರೆ ಬೇರೆ ಸೀಟಿನಲ್ಲಿ.

ಪುಟ್ಟಸಿದ್ದಮ್ಮ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಮಾದಯ್ಯನಿಗೆ ಕಣ್ಣಿನಲ್ಲೇ ಇನ್ನೊಂದು ತುದಿ ತೋರಿಸಿದಳು. ಅವನು ಕೂತ.

“ಬರ್ಕೊ” ಅಂದಳು ಚನ್ನಾಜಮ್ಮನಿಗೆ. “ಇವನ ಬಾಯಲ್ಲಿ ಬರೋದೆಲ್ಲಾ ಬರ್ಕೊ. ಒಂದೂ ಬುಡಬ್ಯಾಡ.”

“ಯಾರಿಗೆ ಬರೀಬೇಕು ಅತ್ತೆ? ಪೊಲೀಸಿಗೋ, ಡಿಸಿಗೋ?”

“ಎಲ್ಲಾರ್ಗೂ ಕಳ್ಸುವ. ಮೊದ್ಲು ಬರಿ.”

ಚನ್ನಾಜಮ್ಮ ಹೊಸ ಹಾಳೆ ತೆಗೆದಳು. ಮಾದಯ್ಯ ಗಂಟಲು ಸರಿಮಾಡಿಕೊಂಡ. “ಎಲ್ಲಿಂದ ಶುರು ಮಾಡ್ಲಿ?” ಅಂದ.

ಪುಟ್ಟಸಿದ್ದಮ್ಮ ರಸ್ತೆಯ ಕಡೆ ನೋಡುತ್ತಿದ್ದಳು.

“ಬೆಳಿಗ್ಗೆ ಅವನು ತಂಗಳು ಮುದ್ದೆ, ಮಜ್ಜಿಗೆ ಉಂಡು ಆಚೀಕೋದ. ಬಾಗ್ಲಲ್ಲಿ ನಿಂತು ಎಲೆ ಅಡಿಕೆ ಈಸ್ಕೊಂಡ. ಅಲ್ಲೀಗಂಟ ನನಗೊತ್ತು” ಅಂದಳು. “ಅಲ್ಲಿಂದಾಚೀಕೆ ನೀನು ಯೋಳು.”